ಹೊಲಿಗೆ ಬಿಚ್ಚುವವರೆಗೆ ಕಾಯಬೇಡ

ಅಪ್ಪೀ,

ಆಪರೇಷನ್ ಚೆನ್ನಾಗಿ ಆಯಿತು ಅಂತ ಅತ್ತಿಗೆ ಫೋನು ಮಾಡಿದ್ದರು. ಕೇಳಿ ಸಮಾಧಾನವಾಯಿತು. ಜೊತೆಗೇ ಇನ್ನೊಂದು ಮಾತೂ ಹೇಳಿದರು: ಡಾಕ್ಟರು ಚೀಟಿಯಲ್ಲಿ ಕೈಗೆ ಥೆರಪಿ ಅಂತ ಬರೆದಿದ್ದಾರೆ, ನೀನು ಮಾತ್ರ 'ಹೊಲಿಗೆ ಬಿಚ್ಚಲಿ, ಆಮೇಲೆ ನೋಡೋಣ' ಅಂತಿದ್ದೀಯ. ಅದನ್ನು ಕೇಳಿದ ಮೇಲೆ ಸುಮ್ಮನೆ ಕೂರಲಾಗಲಿಲ್ಲ. ಕೈ ಥೆರಪಿಯ ಕೆಲಸದಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವಳು ನಾನು. ಕಾಗದ ಬರೆದು ಹಾಕಿದರೆ ತಲುಪುವಷ್ಟರಲ್ಲಿ ಹೊತ್ತು ಮೀರಿರುತ್ತದೆ ಅಂತ ವಾಟ್ಸಾಪಿನಲ್ಲೇ ಕಳಿಸುತ್ತಿದ್ದೇನೆ. ಉದ್ದವಾಯಿತು ಅಂತ ಬಿಟ್ಟುಬಿಡಬೇಡ, ಪೂರ್ತಿ ಓದು. ಹೊಲಿಗೆ ಬಿಚ್ಚುವುದು ಎರಡು ವಾರಕ್ಕೆ. ನಿನ್ನಂಥ ಗಾಯಕ್ಕೆ ಥೆರಪಿ ಶುರುವಾಗಬೇಕಾದದ್ದು ಆಪರೇಷನ್ ಆಗಿ ಮೂರರಿಂದ ಐದು ದಿನದೊಳಗೆ. ನಿನಗೆ ಇವತ್ತಿಗೆ ಮೂರು ದಿನ.

ಯಾಕೆ ಇಷ್ಟು ಅವಸರ ಅಂತ ಹೇಳುತ್ತೇನೆ. ಅಡಿಕೆ ಸುಲಿಯುವಾಗ ಮೆಟ್ಟುಗತ್ತಿಗೆ ಸಿಕ್ಕಿದ್ದು ಎಡಗೈಯ ತೋರುಬೆರಳು, ನಡುಬೆರಳು; ಅದೂ ಅಂಗೈ ಕಡೆಗೆ, ಬುಡದ ಹತ್ತಿರ. ಬೆರಳನ್ನು ಮಡಚುವ ಮಾಂಸಖಂಡ ಬೆರಳಿನೊಳಗೆ ಇಲ್ಲ ಮಾರಾಯ, ಅದು ಇರುವುದು ಮುಂಗೈಯಲ್ಲಿ, ಮೊಣಕೈಗೆ ಹತ್ತಿರ. ಗಾಯವಾಗದ ಬಲಗೈಯ ಬೆರಳುಗಳನ್ನು ಮಡಚಿ ಬಿಚ್ಚುತ್ತಾ, ಮುಂಗೈ ಮೇಲೆ ನಿನ್ನ ಹೆಂಡತಿಗೆ ಕೈಯಿಟ್ಟು ನೋಡು ಅನ್ನು, ಒಳಗೆ ಅಲುಗಾಡುವುದು ಅವಳಿಗೆ ಗೊತ್ತಾಗುತ್ತದೆ. ಅಲ್ಲಿಂದ ಬೆರಳ ತುದಿಯವರೆಗೆ ಆ ಎಳೆತವನ್ನು ಒಯ್ಯುವುದು ಟೆಂಡನ್ ಎನ್ನುವ ಬಿಳಿ ಹುರಿ. ಒಂದೊಂದು ಬೆರಳಿಗೆ ಮಡಚುವ ಹುರಿ ಎರಡೆರಡು, ಒಂದರ ಸೀಳಿನೊಳಗಿಂದ ಇನ್ನೊಂದು ತೂರಿ ಬರುತ್ತದೆ. ಎರಡೂ ಬಿಗಿಯಾದ ಒಂದು ಕೊಳವೆಯೊಳಗೆ ಜಾರಾಡುತ್ತವೆ. ಸೈಕಲ್ ಬ್ರೇಕಿನ ತಂತಿಯನ್ನು ನೆನಪಿಸಿಕೋ. ಮೇಲಿನ ಕವಚದೊಳಗೆ ಅದು ಸಲೀಸಾಗಿ ಜಾರಿದರೆ ಮಾತ್ರ ಬ್ರೇಕು ಹಿಡಿಯುತ್ತದೆ, ತುಕ್ಕು ಹಿಡಿದು ಕವಚಕ್ಕೇ ಅಂಟಿಕೊಂಡರೆ ಹಿಡಿಕೆಯನ್ನು ಎಷ್ಟು ಒತ್ತಿದರೂ ಇಲ್ಲ.

ಡಾಕ್ಟರು ನಿನ್ನ ಹುರಿಗಳನ್ನು ಹೊಲಿದಿದ್ದಾರೆ. ಇನ್ನು ಮೈ ತನ್ನ ಪಾಲಿನ ರಿಪೇರಿ ಶುರು ಮಾಡುತ್ತದೆ. ಆದರೆ ಮೈಗೆ ವಿವೇಚನೆ ಕಮ್ಮಿ. ಚರ್ಮ ಬೇರೆ, ಹುರಿ ಬೇರೆ, ಕೊಳವೆ ಬೇರೆ ಅಂತ ನೋಡದೆ ಎಲ್ಲವನ್ನೂ ಒಂದೇ ಕಲೆಯಲ್ಲಿ ಬೆಸೆದುಬಿಡುತ್ತದೆ. ಬೆರಳನ್ನು ಆರು ವಾರ ಅಲುಗಿಸದೆ ಇಟ್ಟರೆ ಹುರಿ ಕೂಡಿಕೊಂಡಿರುತ್ತದೆ ನಿಜ, ಬೆರಳು ಮಾತ್ರ ಮಡಚುವುದಿಲ್ಲ. ಹಾಗಂತ ಈಗಲೇ ಮುಷ್ಟಿ ಬಿಗಿದೆಯೋ, ಹೊಲಿಗೆ ಕಿತ್ತು ಬರುತ್ತದೆ. ನನ್ನ ವೃತ್ತಿಯವರು ಮಾಡುವುದೆಲ್ಲ ಈ ಎರಡು ಕೇಡುಗಳ ನಡುವಿನ ಕಿರುದಾರಿಯಲ್ಲಿ ಕೈಯನ್ನು ನಡೆಸುವ ಕೆಲಸ. ಯಾವ ದಿನ ಎಷ್ಟು ಅಲುಗಿಸಬೇಕು, ಯಾವ ಗೆಣ್ಣು, ಯಾರ ಬಲದಿಂದ. ಅಷ್ಟೇ. ಕೇಳುವುದಕ್ಕೆ ಸಣ್ಣ ವಿಷಯ.

ನಿನ್ನ ಬೆರಳು ಕತ್ತರಿಸಿದ ಆ ಜಾಗಕ್ಕೆ ಅಮೆರಿಕದ ಕೈ ಶಸ್ತ್ರವೈದ್ಯ ಸ್ಟರ್ಲಿಂಗ್ ಬನ್ನೆಲ್ 'ಯಾರಿಗೂ ಸೇರದ ನೆಲ' ಅಂತ ಹೆಸರಿಟ್ಟಿದ್ದ. ಯುದ್ಧದಲ್ಲಿ ಎರಡು ಸೈನ್ಯಗಳ ನಡುವೆ ಯಾರೂ ಕಾಲಿಡದ ಪಟ್ಟಿ ಇರುತ್ತದಲ್ಲ, ಹಾಗೆ. ಅಲ್ಲಿ ಹುರಿ ಕತ್ತರಿಸಿದರೆ ಆಗಲೇ ಹೊಲಿಯಲು ಹೋಗಬೇಡಿ, ಚರ್ಮ ಮುಚ್ಚಿ ಕಳಿಸಿ, ಗಾಯ ಮಾಗಿದ ಮೇಲೆ ಬೇರೆ ಕಡೆಯ ಹುರಿ ತಂದು ಕಸಿ ಮಾಡಿ ಎನ್ನುವುದು ಆ ಕಾಲದ ಪಾಠ. ಹೊಲಿದರೂ ಅಂಟಿಕೊಳ್ಳುತ್ತಿತ್ತು, ಅದಕ್ಕೆ. 1967ರಲ್ಲಿ ಅಮೆರಿಕದ್ದೇ ಲೂಯಿವಿಲ್ ಊರಿನ ಶಸ್ತ್ರವೈದ್ಯ ಹೆರಾಲ್ಡ್ ಕ್ಲೈನರ್ಟ್ ಮತ್ತವರ ಸಂಗಡಿಗರು ಅಲ್ಲೇ ಹೊಲಿದು, ಉಗುರಿನಿಂದ ಮಣಿಕಟ್ಟಿನ ಕಡೆಗೆ ಒಂದು ರಬ್ಬರ್ ಬ್ಯಾಂಡು ಕಟ್ಟುವ ಕ್ರಮವನ್ನು ಪ್ರಕಟಿಸಿದರು. ಬೆರಳನ್ನು ಬಿಚ್ಚುವುದು ರೋಗಿಯ ಕೆಲಸ, ಮಡಚುವುದು ರಬ್ಬರಿನ ಕೆಲಸ. ಹೊಲಿಗೆ ಮೇಲೆ ಭಾರ ಬೀಳದೆ ಹುರಿ ಜಾರುತ್ತಿರುತ್ತಿತ್ತು. ಈಗ ರಬ್ಬರ್ ಬ್ಯಾಂಡು ಹಿಂದೆ ಸರಿದಿದೆ. ಹೊಲಿಗೆಯೇ ಗಟ್ಟಿಯಾಗಿ ಬರುವುದರಿಂದ ಮೆಲ್ಲಗೆ ಸ್ವಂತ ಬಲದಲ್ಲೇ ಮಡಚಿಸುತ್ತಾರೆ. ಆದರೂ ಆ ಅಗ್ಗದ ರಬ್ಬರು ಕಲಿಸಿದ ಪಾಠ ಮಾತ್ರ ಹಾಗೇ ಉಳಿದಿದೆ.

ನೀನು ಹೋದರೆ ಅವರು ಮೊದಲು ಆ ದಪ್ಪ ಬ್ಯಾಂಡೇಜು ಬಿಚ್ಚಿ, ಗಾಯ ನೋಡಿ, ತೆಳ್ಳಗೆ ಕಟ್ಟುತ್ತಾರೆ. ಆಮೇಲೆ ಸ್ಪ್ಲಿಂಟ್ ಮಾಡುತ್ತಾರೆ. ಬಿಸಿನೀರಿನಲ್ಲಿ ಮೆತ್ತಗಾಗುವ ಒಂದು ಪ್ಲಾಸ್ಟಿಕ್ ಹಾಳೆ ಇದೆ. ಅದನ್ನು ನಿನ್ನ ಕೈಯ ಅಳತೆಗೆ ಕತ್ತರಿಸಿ, ಕೈ ಬೆನ್ನಿನ ಮೇಲೆ ಹಾಸಿ ಒತ್ತಿ ಹಿಡಿದರೆ ಕೆಲವೇ ನಿಮಿಷಕ್ಕೆ ಅದೇ ಆಕಾರದಲ್ಲಿ ಗಟ್ಟಿಯಾಗುತ್ತದೆ. ಬೆರಳ ಬುಡದ ಗೆಣ್ಣು ಬಾಗಿರುವಂತೆ, ಬೆರಳು ಪೂರ್ತಿ ಹಿಂದಕ್ಕೆ ಚಾಚದಂತೆ ಅದು ತಡೆಯುತ್ತದೆ. ಅದರೊಳಗೇ ಇನ್ನೊಂದು ಕೈಯಿಂದ ಬೆರಳನ್ನು ಮಡಚುವುದು, ಸ್ಪ್ಲಿಂಟ್ ಮುಟ್ಟುವವರೆಗೆ ಬಿಚ್ಚುವುದು, ಹೀಗೆ ಗಂಟೆಗೊಮ್ಮೆ ನಾಲ್ಕು ಸಲವೋ ಹತ್ತು ಸಲವೋ ಮಾಡಿಸುತ್ತಾರೆ. ಎಷ್ಟು ಸಲ ಅಂತ ಅವರೇ ಹೇಳಬೇಕು, ಯಾಕೆಂದರೆ ಡಾಕ್ಟರು ಎಂಥ ಹೊಲಿಗೆ ಹಾಕಿದ್ದಾರೆ ಅನ್ನುವುದರ ಮೇಲೆ ಅದು ನಿಂತಿದೆ. ನನ್ನ ಈ ಬರಹ ನೋಡಿ ನೀನಾಗಿಯೇ ಶುರು ಹಚ್ಚಿಕೊಳ್ಳಬೇಡ. ಯೂಟ್ಯೂಬ್ ನೋಡಿಯಂತೂ ಬೇಡವೇ ಬೇಡ. ಅಲ್ಲಿ ತೋರಿಸುವುದು ಇನ್ಯಾರದೋ ಕೈಗೆ.

ಸ್ಪ್ಲಿಂಟ್ ಸುಮಾರು ಆರು ವಾರ. ಲೋಟ ಹಿಡಿಯುವಂಥ ಹಗುರ ಕೆಲಸ ಆಮೇಲೆ. ಕತ್ತಿ, ಗುದ್ದಲಿ, ಅಡಿಕೆ ಚೀಲ ಹನ್ನೆರಡು ವಾರಕ್ಕೆ ಮೊದಲು ಬೇಡ. ಈ ಸಲದ ಸುಲಿತಕ್ಕೆ ಆಳು ಹುಡುಕಿಕೋ, ಇಲ್ಲವೇ ಸುಲಿಯುವ ಮಷೀನು ಬಾಡಿಗೆಗೆ ತರಿಸು. ಈ ನಷ್ಟ ಲೆಕ್ಕಕ್ಕಿಲ್ಲ. ನಾನು ಕಂಡಂತೆ ಹೊಲಿಗೆ ಕಿತ್ತುಕೊಂಡವರು ನೋವಿದ್ದವರಲ್ಲ, ನೋವು ನಿಂತವರು. ಮೂರನೆಯ ವಾರಕ್ಕೆ ಕೈ ಹಗುರ ಅನ್ನಿಸುತ್ತದೆ, ಸ್ನಾನಕ್ಕೆ ಅಂತ ಸ್ಪ್ಲಿಂಟ್ ಬಿಚ್ಚುತ್ತಾರೆ, ಬಕೆಟ್ಟಿಗೆ ಕೈ ಹಾಕುತ್ತಾರೆ. ಟಪ್ ಅನ್ನುತ್ತದೆ. ಹಾಗೆ ಅನ್ನಿಸಿ ಬೆರಳು ಮಡಚುವುದು ನಿಂತರೆ ಮಾರನೆಯ ದಿನಕ್ಕೆ ಕಾಯದೆ ಡಾಕ್ಟರಿಗೆ ಫೋನು ಮಾಡಬೇಕು. ಬೀಡಿ ಬಿಟ್ಟಿದ್ದೀಯ ಅಂತ ಅಣ್ಣ ಹೇಳಿದ, ನಾನು ನಂಬಿಲ್ಲ. ಈಗಲಾದರೂ ಬಿಡು, ಹೊಗೆ ಸಣ್ಣ ರಕ್ತನಾಳಗಳನ್ನು ಕುಗ್ಗಿಸುತ್ತದೆ, ಗಾಯ ಮಾಗುವುದು ತಡವಾಗುತ್ತದೆ.

ಇನ್ನೊಂದು. ತೋರುಬೆರಳಿನ ಒಂದು ಮಗ್ಗುಲು ಮರಗಟ್ಟಿದೆ, ಮುಟ್ಟಿದರೆ ಗೊತ್ತಾಗುವುದಿಲ್ಲ ಅಂತ ಹೇಳಿದೆಯಂತೆ. ಅಲ್ಲಿ ನರವೂ ಕತ್ತರಿಸಿತ್ತು, ಅದನ್ನೂ ಹೊಲಿದಿದ್ದಾರೆ. ನರ ಬೆಳೆಯುವುದು ದಿನಕ್ಕೆ ಸುಮಾರು ಒಂದು ಮಿಲಿಮೀಟರು. ಬುಡದಿಂದ ತುದಿಗೆ ಏಳೆಂಟು ಸೆಂಟಿಮೀಟರು ಇಟ್ಟುಕೊಂಡು ಲೆಕ್ಕ ನೀನೇ ಹಾಕು. ಅಲ್ಲಿಯವರೆಗೆ ಆ ಬೆರಳಿಗೆ ಸುಟ್ಟರೂ ತಿಳಿಯುವುದಿಲ್ಲ. ಅಡಿಕೆ ಬೇಯಿಸುವ ಹಂಡೆಯ ಹತ್ತಿರ, ಬಚ್ಚಲೊಲೆಯ ಹತ್ತಿರ ಕಣ್ಣಿಟ್ಟು ಕೈಯಾಡಿಸು. ಸ್ಪರ್ಶ ಮರಳುವಾಗ ಮೊದಮೊದಲು ಬಟ್ಟೆ ಸೋಕಿದರೂ ಜುಮ್ಮೆನ್ನುತ್ತದೆ, ಕೆಲವರಿಗೆ ಸಹಿಸಲಾಗುವುದಿಲ್ಲ. ಆಗ ಥೆರಪಿಸ್ಟ್ ಹತ್ತಿಯಿಂದ ಶುರು ಮಾಡಿ, ಒರಟು ಬಟ್ಟೆ, ಆಮೇಲೆ ರಾಗಿ, ಅಕ್ಕಿಯಂಥ ಕಾಳಿನೊಳಗೆ ಬೆರಳಾಡಿಸಲು ಹಚ್ಚುತ್ತಾರೆ. ಕಣ್ಣು ಮುಚ್ಚಿಸಿ ಕೈಗೆ ನಾಣ್ಯ, ಗುಂಡಿ, ಬೀಗದ ಕೈ ಕೊಟ್ಟು ಯಾವುದು ಹೇಳು ಅನ್ನುತ್ತಾರೆ. ಹೊಸದಾಗಿ ಬೆಳೆದ ನರ ಕಳಿಸುವ ಸುದ್ದಿ ಮೆದುಳಿಗೆ ಮೊದಲು ಅಯೋಮಯ. ಅದನ್ನು ಓದುವುದು ಮೆದುಳು ಮತ್ತೆ ಕಲಿಯಬೇಕು. ಆಟವಾಡಿಸುತ್ತಿದ್ದಾರೆ ಅಂತ ಮುನಿಸಿಕೊಂಡು ಎದ್ದು ಹೋದ ಗಂಡಸರನ್ನು ಎಷ್ಟೋ ನೋಡಿದ್ದೇನೆ. ನೀನು ಏಳಬೇಡ.

ಈ ವಿದ್ಯೆ ಎಲ್ಲೋ ಹೊರಗಿನದು ಅಂದುಕೊಳ್ಳಬೇಡ. ಕುಷ್ಠದಿಂದ ಬೆರಳು ಕೊಕ್ಕೆಯಾದ ಕೈಗಳನ್ನು ಮತ್ತೆ ಬಿಚ್ಚುವಂತೆ ಮಾಡುವ ಕೆಲಸ ನಡೆದದ್ದು ನಮ್ಮ ನೆರೆಯ ವೆಲ್ಲೂರಿನಲ್ಲಿ. ಅದನ್ನು ಮಾಡಿದ ಶಸ್ತ್ರವೈದ್ಯ ಪಾಲ್ ಬ್ರಾಂಡ್ ಹುಟ್ಟಿದ್ದು 1914ರಲ್ಲಿ, ತಮಿಳುನಾಡಿನ ಕೊಲ್ಲಿಮಲೆಯಲ್ಲಿ. 1946ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿಗೆ ಬಂದರು. ನರ ಸತ್ತು ಸೋತ ಸ್ನಾಯುಗಳ ಕೆಲಸಕ್ಕೆ ಗಟ್ಟಿಯಿರುವ ಬೇರೆ ಸ್ನಾಯುವಿನ ಟೆಂಡನನ್ನು ತಿರುಗಿಸಿ ಹೊಲಿಯುತ್ತಿದ್ದರು. ಹೊಲಿದರೆ ಮುಗಿಯಲಿಲ್ಲ. ನಿನ್ನೆಯವರೆಗೆ ಒಂದು ಕೆಲಸ ಮಾಡುತ್ತಿದ್ದ ಸ್ನಾಯುವಿಗೆ ಇವತ್ತು ಇನ್ನೊಂದನ್ನು ಕಲಿಸಬೇಕು. ವಾರಗಟ್ಟಲೆ ಪಕ್ಕದಲ್ಲಿ ಕೂತು ಅದನ್ನು ಕಲಿಸುವವರು ಬೇಕು. ಕೈ ಸರಿಹೋದ ಮೇಲೆ ಆ ಜನ ಮರಗೆಲಸದಂಥ ಕಸುಬು ಕಲಿತು ದುಡಿಯಲಿ ಅಂತ ಅದಕ್ಕೊಂದು ಕೇಂದ್ರವನ್ನೂ ಕಟ್ಟಿದರು. ಕುಷ್ಠದವರ ಬೆರಳು ತಾನಾಗಿ ಕೊಳೆತು ಉದುರುತ್ತದೆ ಅಂತ ನಂಬಿದ್ದ ಕಾಲ ಅದು. ನೋವೇ ತಿಳಿಯದ್ದರಿಂದ ಗಾಯವಾಗಿ, ಗಾಯದ ಮೇಲೆ ಗಾಯವಾಗಿ ಸವೆಯುತ್ತದೆ ಅಂತ ತೋರಿಸಿಕೊಟ್ಟವರು ಅವರೇ. 1966ರಲ್ಲಿ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದರು. ಈಗಲೂ ಯಾರಿಗಾದರೂ ಕಿರುಬೆರಳು, ಉಂಗುರಬೆರಳು ತಾವಾಗಿಯೇ ಬಾಗುತ್ತಿದ್ದು, ಮೈಮೇಲೆ ಎಲ್ಲಾದರೂ ಬಣ್ಣ ಮಾಸಿದ, ಮುಟ್ಟಿದರೆ ತಿಳಿಯದ ಮಚ್ಚೆ ಕಂಡರೆ ನಾಚದೆ ಸರ್ಕಾರಿ ಆಸ್ಪತ್ರೆಗೆ ಕಳಿಸು. ಮಾತ್ರೆ ಪುಕ್ಕಟೆ, ರೋಗ ಗುಣವಾಗುತ್ತದೆ.

ಸರಿ, ನಿನ್ನ ಮನೆಯ ಉಳಿದ ಕೈಗಳ ವಿಷಯಕ್ಕೆ ಬರುತ್ತೇನೆ. ನಿನ್ನ ಹೆಂಡತಿ ಮಗುವನ್ನು ಎತ್ತುವಾಗ ಹೆಬ್ಬೆರಳಿನ ಬುಡದಲ್ಲಿ, ಮಣಿಕಟ್ಟಿನ ಮಗ್ಗುಲಲ್ಲಿ ಕತ್ತರಿಸಿದ ಹಾಗೆ ನೋವು ಅನ್ನುತ್ತಾಳಂತೆ. ಬಾಣಂತಿಯರಲ್ಲಿ ಇದು ಎಷ್ಟು ಸಾಮಾನ್ಯವೆಂದರೆ ಇದಕ್ಕೆ ತಾಯಂದಿರ ಹೆಬ್ಬೆರಳು ಅಂತಲೇ ಕರೆಯುವುದುಂಟು. ಪುಸ್ತಕದಲ್ಲಿ ಡಿ ಕರ್ವೇನ್ ಅಂತ, 1895ರಲ್ಲಿ ಇದನ್ನು ವಿವರಿಸಿದ ಸ್ವಿಸ್ ವೈದ್ಯನ ಹೆಸರು. ಹೆಬ್ಬೆರಳು ಅಗಲಿಸಿ, ಎರಡೂ ಕೈಯನ್ನು ಮಗುವಿನ ಕಂಕುಳಿಗೆ ಕೊಟ್ಟು ಎತ್ತುವುದೇ ಮೂಲ. ಅಂಗೈ ಮೇಲಕ್ಕೆ ಮಾಡಿ, ಕೆಳಗಿನಿಂದ ಮುಂಗೈ ಮೇಲೆ ಭಾರ ಹೊತ್ತು ಎತ್ತಲು ಹೇಳು. ಹೆಬ್ಬೆರಳನ್ನೂ ಸೇರಿಸಿ ಹಿಡಿಯುವ ಒಂದು ಸ್ಪ್ಲಿಂಟ್ ಕೆಲವು ವಾರ ಹಾಕಿದರೆ ಎಷ್ಟೋ ಜನರಿಗೆ ಸಾಕಾಗುತ್ತದೆ. ಸಾಲದವರಿಗೆ ಡಾಕ್ಟರ ಇಂಜೆಕ್ಷನ್ ಇದೆ. ಬಾಣಂತಿಗೆ ಇದೆಲ್ಲ ಇದ್ದದ್ದೇ ಅಂತ ಮನೆಯವರೆಲ್ಲ ಸೇರಿ ಅವಳ ಬಾಯಿ ಮುಚ್ಚಿಸಬೇಡಿ. ಮಗುವಿನ ಬಟ್ಟೆ ಹಿಂಡುವ ಕೆಲಸ ನೀನು ಮಾಡು ಅನ್ನೋಣವೆಂದರೆ ಈಗ ನಿನ್ನದೂ ಒಂದೇ ಕೈ.

ಅತ್ತಿಗೆಗೆ ರಾತ್ರಿ ಎರಡು ಮೂರು ಗಂಟೆಗೆ ಕೈ ಜೋಮು ಹಿಡಿದು ಎಚ್ಚರವಾಗುತ್ತದೆ, ಎದ್ದು ಕೂತು ಕೈ ಕೊಡವಿದರೆ ಹೋಗುತ್ತದೆ ಅನ್ನುತ್ತಾರೆ. ಹೆಬ್ಬೆರಳು, ತೋರುಬೆರಳು, ನಡುಬೆರಳಿಗೇ ಹೆಚ್ಚು, ಕಿರುಬೆರಳಿಗೆ ಇಲ್ಲ ಅಂತಾದರೆ ಅದು ಹೆಚ್ಚಾಗಿ ಮಣಿಕಟ್ಟಿನಲ್ಲಿ ನರ ಒತ್ತಿಕೊಂಡದ್ದು, ಕಾರ್ಪಲ್ ಟನಲ್. ಮಲಗಿದಾಗ ಮಣಿಕಟ್ಟು ಮಡಚಿಕೊಳ್ಳುತ್ತದೆ, ಒಳಗೆ ಜಾಗ ಇನ್ನಷ್ಟು ಕಿರಿದಾಗುತ್ತದೆ. ಮಣಿಕಟ್ಟು ನೆಟ್ಟಗಿರುವ ಸ್ಪ್ಲಿಂಟ್ ರಾತ್ರಿ ಮಾತ್ರ ಕಟ್ಟಿಕೊಂಡು ಮಲಗಲಿ. ಸಕ್ಕರೆ ಕಾಯಿಲೆ, ಥೈರಾಯ್ಡ್ ಎರಡನ್ನೂ ಪರೀಕ್ಷೆ ಮಾಡಿಸಬೇಕು, ಇವುಗಳ ಬೆನ್ನಿಗೆ ಇದು ಬರುವುದುಂಟು. ಹೆಬ್ಬೆರಳಿನ ಬುಡದ ಉಬ್ಬು ಚಪ್ಪಟೆಯಾಗಿದ್ದರೆ, ಸೂಜಿಗೆ ದಾರ ಪೋಣಿಸುವುದೋ ಕುಪ್ಪಸದ ಹುಕ್ಕು ಹಾಕುವುದೋ ಆಗುತ್ತಿಲ್ಲವಾದರೆ ಸ್ಪ್ಲಿಂಟ್ ಹಾಕಿಕೊಂಡು ಕಾಯುವ ಹೊತ್ತಲ್ಲ, ನೇರ ಡಾಕ್ಟರ ಹತ್ತಿರ. ಇದೆಲ್ಲ ವಯಸ್ಸಿನ ಲಕ್ಷಣ ಅಂತ ಅತ್ತಿಗೆ ತಾವೇ ತೀರ್ಮಾನಿಸಿಕೊಂಡಿದ್ದಾರೆ. ನೀನು ಹೇಳಿದರೆ ಕೇಳಿಯಾರು.

ಪಕ್ಕದ ಮನೆ ಅಜ್ಜಿ ಅಂಗಳದ ಹಾವಸೆಯಲ್ಲಿ ಜಾರಿ ಮಣಿಕಟ್ಟು ಮುರಿದುಕೊಂಡು ಪ್ಲಾಸ್ಟರು ಹಾಕಿಸಿಕೊಂಡಿದ್ದಾರಂತೆ. ಮುಟ್ಟು ನಿಂತ ಹೆಂಗಸರಲ್ಲಿ ಮೂಳೆ ಸವೆದಿರುವುದರಿಂದ ಕೈಯೂರಿ ಬಿದ್ದರೆ ಮುರಿಯುವುದು ಸಾಮಾನ್ಯವಾಗಿ ಅಲ್ಲೇ. ಆ ಮೂಳೆ ಹೇಗೂ ಕೂಡುತ್ತದೆ. ಹಾಳಾಗುವುದು ಬೆರಳು ಮತ್ತು ಭುಜ; ಮುರಿಯದ ಜಾಗಗಳು! ಕುತ್ತಿಗೆಗೆ ಬಟ್ಟೆ ಕಟ್ಟಿ ದಿನವಿಡೀ ಕೈಯನ್ನು ನೇತು ಹಾಕಿಕೊಂಡು ಕೂತರೆ ಬೆರಳು ಊದುತ್ತವೆ, ಊದಿದ ಬೆರಳು ಸೆಟೆಯುತ್ತದೆ, ಭುಜ ಹಿಡಿದುಕೊಳ್ಳುತ್ತದೆ. ಡಾಕ್ಟರು ಬೇಡ ಅಂದಿಲ್ಲದಿದ್ದರೆ ಮೊದಲ ದಿನದಿಂದಲೇ ಪ್ಲಾಸ್ಟರಿನ ಹೊರಗಿರುವ ಬೆರಳುಗಳನ್ನು ಪೂರ್ತಿ ಮಡಚಿ ಬಿಚ್ಚಬೇಕು, ತೋಳನ್ನು ತಲೆಯ ಮೇಲಕ್ಕೆ ಎತ್ತಬೇಕು, ಕೂತಾಗ ಮಲಗಿದಾಗ ಕೈ ಎದೆಗಿಂತ ಮೇಲೆ ದಿಂಬಿನ ಮೇಲಿರಬೇಕು. ಇಷ್ಟನ್ನು ಅವರಿಗೆ ಇವತ್ತೇ ಹೋಗಿ ಹೇಳಿ ಬಾ. ಪ್ಲಾಸ್ಟರು ಬಿಗಿಯಾಗಿ ತಡೆಯಲಾರದ ನೋವು ಬಂದರೆ, ಬೆರಳು ನೀಲಿಯಾದರೆ, ಮರಗಟ್ಟಿದರೆ ಮಾತ್ರ ದಿಂಬು ದಾರಿಯಲ್ಲ. ಆ ಕ್ಷಣವೇ ಆಸ್ಪತ್ರೆಗೆ ಹೋಗಿ ಬಿಚ್ಚಿಸಬೇಕು. ನಾಟಿ ಕಟ್ಟಿಗೂ ಇದೇ ಮಾತು. ಬಿದಿರು ದಬ್ಬೆಯನ್ನು ಬಿಗಿದು ಕಟ್ಟಿ, 'ನೋವು ತಡಕೋ, ಕೂಡ್ತಾ ಇದೆ' ಅಂತ ಎರಡು ದಿನ ಕೂರಿಸಿದ ಮಕ್ಕಳ ಕೈಗಳನ್ನು ನಾನು ನೋಡಿದ್ದೇನೆ. ರಕ್ತ ಓಡದೆ ಮುಂಗೈಯ ಮಾಂಸವೇ ಸತ್ತು ಬೆರಳು ಜನ್ಮಪೂರ್ತಿ ಕೊಕ್ಕೆಯಾಗಿ ಉಳಿಯುತ್ತದೆ. ಜರ್ಮನಿಯ ಶಸ್ತ್ರವೈದ್ಯ ಫೋಲ್ಕ್‌ಮನ್ 1881ರಲ್ಲೇ ಇದನ್ನು ಬರೆದಿಟ್ಟಿದ್ದಾನೆ. ನಮ್ಮ ಕಡೆ ಇನ್ನೂ ನಿಂತಿಲ್ಲ ಅಂದರೆ ಹೊಟ್ಟೆ ಉರಿಯುತ್ತದೆ.

ಥೆರಪಿಸ್ಟ್ ಅಂದರೆ ಕರೆಂಟು ಇಟ್ಟು ಕಳಿಸುವವರು ಅಂತ ಊರಲ್ಲಿ ಒಂದು ನಂಬಿಕೆ ಇದೆ. ಮೇಣದ ಬಿಸಿ, ಕರೆಂಟು ಎಲ್ಲ ಇವೆ, ಆದರೆ ಅವು ಒಗ್ಗರಣೆ ಮಾತ್ರ. ಕೈಯಲ್ಲಿ ಇಪ್ಪತ್ತೇಳು ಮೂಳೆ. ಗೆಣ್ಣು ಗೆಣ್ಣಿನ ಕೋನವನ್ನೂ ಹಿಡಿತದ ಬಲವನ್ನೂ ಅಳೆದು ಬರೆದಿಟ್ಟು, ಮುಂದಿನ ಸಲ ಮತ್ತೆ ಅಳೆದು, ಎರಡನ್ನೂ ಪಕ್ಕದಲ್ಲಿಟ್ಟು ನೋಡಿ ಮುಂದಿನ ಹೆಜ್ಜೆ ಇಡುವವರೇ ಈ ಕೆಲಸ ಬಲ್ಲವರು. ಅಮೆರಿಕದಲ್ಲಿ ಕೈ ಥೆರಪಿಸ್ಟ್ ಅನ್ನಿಸಿಕೊಳ್ಳಲು 1991ರಿಂದ ಪ್ರತ್ಯೇಕ ಪರೀಕ್ಷೆ ನಡೆಯುತ್ತಿದೆ. ನಮ್ಮಲ್ಲಿ ಆಕ್ಯುಪೇಷನಲ್ ಥೆರಪಿಯೋ ಫಿಸಿಯೊಥೆರಪಿಯೋ ಓದಿ, ಕೈಯ ಮೇಲೆಯೇ ಹೆಚ್ಚು ಕೆಲಸ ಮಾಡಿದವರನ್ನು ಹುಡುಕಿಕೊಳ್ಳಬೇಕು. ಮಣಿಪಾಲದಲ್ಲಿ ಇದ್ದಾರೆ, ಬೆಂಗಳೂರಿನ ದೊಡ್ಡ ಆಸ್ಪತ್ರೆಗಳಲ್ಲಿ ಇದ್ದಾರೆ. ಜಿಲ್ಲಾ ಊರುಗಳಲ್ಲಿ ಒಳ್ಳೆಯವರು ಇಲ್ಲವೆಂದಲ್ಲ, ಹೊರಗಿನ ಬೋರ್ಡು ನೋಡಿದರೆ ಗೊತ್ತಾಗುವುದಿಲ್ಲ ಅಷ್ಟೇ. ಹೋದಾಗ ಎರಡು ಪ್ರಶ್ನೆ ಕೇಳು: ಸ್ಪ್ಲಿಂಟ್ ನೀವೇ ಇಲ್ಲೇ ಮಾಡುತ್ತೀರಾ, ಹುರಿ ಹೊಲಿದ ಕೈಗಳನ್ನು ನೋಡಿದ್ದೀರಾ. ತಡವರಿಸಿದರೆ ನಮಸ್ಕಾರ ಹೇಳಿ ಎದ್ದು ಬಾ. ಗಾಯದ ಮೇಲೆ ಎಣ್ಣೆ ಹಾಕಿ ಬಲವಾಗಿ ತಿಕ್ಕಿ ಬೆರಳು ಹಿಗ್ಗಿಸುತ್ತೇನೆ ಅನ್ನುವವರು ಸಿಕ್ಕರೆ ನಮಸ್ಕಾರವೂ ಬೇಡ.

ಪ್ರತಿ ವಾರ ಅಷ್ಟು ದೂರ ಹೋಗಿ ಬರುವುದು ಕಷ್ಟ ಅಂತ ನೀನು ಹೇಳುತ್ತೀಯ ಅಂತ ಗೊತ್ತು. ಹೌದು, ಕಷ್ಟವೇ. ಖರ್ಚೂ ಹೌದು. ಅವರ ಹತ್ತಿರ ಮುಚ್ಚುಮರೆಯಿಲ್ಲದೆ ಹೇಳು: ನಾನು ತೋಟದವನು, ದೂರದಿಂದ ಬರುತ್ತೇನೆ, ಪದೇಪದೇ ಬರಲಾಗುವುದಿಲ್ಲ. ಬರಲೇಬೇಕಾದ ದಿನಗಳು ಯಾವುವು ಅಂತ ಬರೆಸಿಕೋ. ಮೊದಲ ಮೂರ್ನಾಲ್ಕು ವಾರ ತಪ್ಪಿಸುವ ಹಾಗಿಲ್ಲ, ಆಮೇಲೆ ಅಂತರ ಹೆಚ್ಚಿಸಿಕೊಳ್ಳಬಹುದು. ಅವರು ಹೇಳಿಕೊಟ್ಟ ವ್ಯಾಯಾಮವನ್ನು ನಿನ್ನದೇ ಫೋನಿನಲ್ಲಿ, ನಿನ್ನದೇ ಕೈಯದು, ವಿಡಿಯೊ ಮಾಡಿಸಿಕೊಂಡು ಬಾ. ನಿನ್ನ ದುಡಿಮೆ ಎಂಥದ್ದು ಅಂತಲೂ ತಿಳಿಸು. ದೋಟಿ ಹಿಡಿಯುವುದು, ಮೆಟ್ಟುಗತ್ತಿ ಮೇಲೆ ಕಾಯಿ ಒತ್ತುವುದು, ಸ್ಕೂಟರಿನ ಬ್ರೇಕು. ಕೊನೆಯ ತಿಂಗಳಲ್ಲಿ ಅವರು ತಾಲೀಮು ಕೊಡುವುದು ಆ ಕೆಲಸಗಳಿಗೇ.

ಹೊರಡುವಾಗ ಡಿಸ್ಚಾರ್ಜ್ ಚೀಟಿಯೊಂದೇ ಸಾಲದು, ಆಪರೇಷನ್ ಮಾಡಿದ ಡಾಕ್ಟರ ಹತ್ತಿರ ಆಪರೇಷನ್ ವಿವರದ ಕಾಗದವನ್ನೂ ಕೇಳಿ ತೆಗೆದುಕೋ. ಯಾವ ಹುರಿ, ಎಷ್ಟು ಎಳೆಯ ಹೊಲಿಗೆ, ನರ ಎಲ್ಲಿ ಸೇರಿಸಿದ್ದಾರೆ ಎಲ್ಲ ಅದರಲ್ಲಿರುತ್ತದೆ. ಅದಿಲ್ಲದೆ ಹೋದರೆ ಥೆರಪಿಸ್ಟ್ ಹೆದರಿ ಹೆದರಿ ಕೈ ಹಿಡಿಯಬೇಕಾಗುತ್ತದೆ. ನಾಳೆ ಬೆಳಿಗ್ಗೆ ಆರೂವರೆ ಬಸ್ಸಿಗೆ ಅಣ್ಣ ಜೊತೆಗೆ ಬರುತ್ತಾನೆ, ನಾನು ಆಗಲೇ ಮಾತಾಡಿದ್ದೇನೆ. ಕಿಟಕಿಯ ಪಕ್ಕ ಕೂರಬೇಡ, ಎಡಗೈಯನ್ನು ದಿಂಬಿನ ಮೇಲೆ ಎತ್ತರದಲ್ಲಿ ಇಟ್ಟುಕೊಂಡೇ ಹೋಗು.